ದಿವಾಡಿಯ ತೂಬು

ಇವತ್ತು ರಜೆ. ಹಳೇ ಗೋವಾದಿಂದ ಫೆರಿ ಹತ್ತಿ ದಿವಾಡಿ ದ್ವೀಪಕ್ಕೆ ಹೋಗಿದ್ದೆ, ಸುಮ್ನೆ.

ಅಲ್ಲಿನ ಹಳೇ ಮನೆಗಳ ಫೋಟೊ ಎಲ್ಲರೂ ಹಾಕುತ್ತಾರೆ. ನಾನು ನಿಂತಿದ್ದು ಗದ್ದೆ ಏರಿಯ ತೂಬಿನ ಹತ್ತಿರ. ಊರವರು ಮಾನಸ್ ಅನ್ನುತ್ತಾರೆ.

ಮರದ ಬಾಗಿಲು. ಸಮುದ್ರ ಉಬ್ಬುವ ಭರತದಲ್ಲಿ ಮಾಂಡವಿ ನದಿಯ ಉಪ್ಪುನೀರು ತಳ್ಳುತ್ತದೆ, ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಗದ್ದೆ ಕಡೆಯ ನೀರು ತಳ್ಳುತ್ತದೆ, ತೆರೆದುಕೊಳ್ಳುತ್ತದೆ. ಕರೆಂಟಿಲ್ಲ, ಮೋಟಾರಿಲ್ಲ. 1510ರಲ್ಲಿ ಪೋರ್ಚುಗೀಸರು ಬರುವ ಮೊದಲೇ ಖಾಜನ್ ಗದ್ದೆಗಳಲ್ಲಿ, ಅಂದರೆ ಉಪ್ಪುನೀರಿಗೆ ಏರಿ ಕಟ್ಟಿ ಮಾಡಿದ ಇಂಥ ಗದ್ದೆಗಳಲ್ಲಿ, ಈ ಪದ್ಧತಿ ಇತ್ತು!

ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಕೊರ್ಗುಟ್ ಭತ್ತ. ಸ್ವಲ್ಪ ಉಪ್ಪಿದ್ದರೂ ತಡೆದುಕೊಳ್ಳುವ ತಳಿ. ತೂಬಿನ ಬಾಯಲ್ಲಿ ಸೀಗಡಿ, ಏಡಿ. ಅಲ್ಲಿ ಮೀನು ಹಿಡಿಯುವ ಹಕ್ಕು ಹರಾಜಾಗುತ್ತದೆ. ತಲೆನೋವು ಶುರುವಾಗುವುದೂ ಅಲ್ಲೇ. ಸೀಗಡಿಯಲ್ಲಿ ದುಡ್ಡು ಜಾಸ್ತಿ, ಭತ್ತದಲ್ಲಿ ಕಮ್ಮಿ. ಬೇಕಂತಲೇ ಉಪ್ಪುನೀರು ಒಳಗೆ ಬಿಟ್ಟ ಗದ್ದೆಗಳೂ ಗೋವಾದಲ್ಲಿವೆ. ಒಬ್ಬರು ಬಿಟ್ಟರೆ ಪಕ್ಕದವರ ಗದ್ದೆಯೂ ಹೋಯಿತು, ಅಲ್ವಾ?

ನಮ್ಮ ಕುಮಟಾ ಕಡೆಯವರಿಗೆ ಇದೇನೂ ಹೊಸದಲ್ಲ. ಅಘನಾಶಿನಿ ದಂಡೆಯ ಇಂಥದೇ ಗಜನಿ ಗದ್ದೆ, ಉಪ್ಪು ತಡೆಯುವ ಕಗ್ಗ ಭತ್ತ ನೋಡಿ ಬೆಳೆದವರು. ಫೋಟೊ ಕಳಿಸಿದ್ದಕ್ಕೆ ಮಾವ ಫೋನ್ ಮಾಡಿ ಕೇಳಿದ್ದು ಒಂದೇ: "ಏರಿಗೆ ಮಣ್ಣು ಹಾಕೋಕೆ ಅಲ್ಲಿ ಜನ ಸಿಗ್ತಾರಾ?"