578 ತೂಕ, ಆದರೆ ಮರಿಗಳು ಐವತ್ತೇ

ಸಂಖ್ಯಾಶಾಸ್ತ್ರದ ತಂತ್ರಾಂಶ ಆರ್ ಹಾಕಿಕೊಂಡರೆ ಜೊತೆಗೇ ಬರುವ ದತ್ತಾಂಶ ಚಿಕ್‌ವೇಟ್. 50 ಕೋಳಿಮರಿ, ನಾಲ್ಕು ಬಗೆಯ ಆಹಾರ. 0ಯಿಂದ 20ನೇ ದಿನದವರೆಗೆ ದಿನ ಬಿಟ್ಟು ದಿನ ತೂಕ, ಮತ್ತೆ 21ರಂದು ಒಮ್ಮೆ. ಒಟ್ಟು 578 ಸಾಲು. ಇವನ್ನೆಲ್ಲ ಬಿಡಿಬಿಡಿ ಅಳತೆ ಎಂದುಕೊಂಡು ಅನೋವಾಗೆ (ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಹಾಕಿದರೆ ಪಿ ಮೌಲ್ಯ (ಆಹಾರಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) ಚಂದವಾಗಿ, ಚಿಕ್ಕದಾಗಿಯೇ ಬರುತ್ತದೆ, ಆದರೆ ನಂಬುವ ಹಾಗಿರುವುದಿಲ್ಲ. ಆಹಾರ ತಿಂದದ್ದು ಮರಿ, ಸಾಲಲ್ಲ. ಆಹಾರಗಳನ್ನು ಹೋಲಿಸಲು ಕೈಯಲ್ಲಿರುವುದು 50 ಮರಿ − 4 ಆಹಾರ, ಅಂದರೆ 46 ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರ ಮಾಹಿತಿಯ ಎಣಿಕೆ).

ಪ್ರತಿ ಮರಿಗೂ 12 ತೂಕ ಸಿಕ್ಕಿದ್ದರೆ 600 ಸಾಲು ಇರಬೇಕಿತ್ತು. ಐದು ಮರಿಗಳ ದಾಖಲೆ ಅರ್ಧಕ್ಕೇ ನಿಂತಿದೆ, ಅದರಲ್ಲಿ ನಾಲ್ಕು ಮೊದಲ ಆಹಾರದವು. 18ನೇ ಮರಿ ನೋಡಿ: 39 ಗ್ರಾಂ, ಎರಡನೇ ದಿನ 35, ಮುಂದೆ ಏನೂ ಇಲ್ಲ. ಹಳೇ ರಿಪೀಟೆಡ್ ಮೆಷರ್ಸ್ ಅನೋವಾ (ಒಂದೇ ಮರಿಯನ್ನು ಮತ್ತೆಮತ್ತೆ ಅಳೆದಾಗ ಬಳಸುವ ಅನೋವಾ) ಇಂಥ ಮರಿಗಳನ್ನು ಪೂರ್ತಿ ಕಿತ್ತೆಸೆಯುತ್ತದೆ; ಸೊರಗಿದವು ಹೋಗಿ ಮೊದಲ ಆಹಾರದ ಸರಾಸರಿ ಸುಮ್ಮನೆ ಏರುತ್ತದೆ. ಮಿಕ್ಸೆಡ್ ಮಾಡೆಲ್ (ಆಹಾರದ ಪರಿಣಾಮದ ಜೊತೆಗೆ ಮರಿಮರಿಗಿರುವ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿ) ಆ 39ನ್ನೂ 35ನ್ನೂ ಬಳಸಿಕೊಳ್ಳುತ್ತದೆ. ಮರಿ ಬಿಟ್ಟುಹೋದದ್ದಕ್ಕೆ ಕಾರಣ ಅಳೆದ ತೂಕದಲ್ಲೇ ಕಾಣುವಂತಿದ್ದರೆ ಅಂದಾಜು ವಾಲುವುದಿಲ್ಲ.

0ನೇ ದಿನ ಎಲ್ಲ ಮರಿಗಳೂ 39ರಿಂದ 43 ಗ್ರಾಂ ಒಳಗೆ. 21ನೇ ದಿನ ಒಂದು 74, ಇನ್ನೊಂದು 373. ಚದುರುವಿಕೆ ಹೀಗೆ ಹಿಗ್ಗುವಾಗ ತೂಕದ ಲಾಗ್ (ಲಾಗರಿದಮ್) ತೆಗೆದುಕೊಳ್ಳುವುದೇ ಮೇಲು. ಆಮೇಲೆ ಪ್ರತಿ ಮರಿಗೂ ಅದರದೇ ಇಂಟರ್‌ಸೆಪ್ಟ್ (ಗೆರೆ ಶುರುವಾಗುವ ಮಟ್ಟ), ಅದರದೇ ಸ್ಲೋಪ್ (ಗೆರೆ ಏರುವ ವೇಗ) ಕೊಡಿ. ಗೆರೆ ಬಾಗಿದ್ದರೆ ದಿನದ ವರ್ಗವನ್ನೂ (ದಿನ × ದಿನ) ಸೇರಿಸಿ. ಮಾಡೆಲ್ ಕನ್ವರ್ಜ್ ಆಗದೆ (ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲದೆ) ಸತಾಯಿಸಿದರೆ ಕಾಲದ ಸೊನ್ನೆಯನ್ನು 10ನೇ ದಿನಕ್ಕೆ ಸರಿಸಿ ನೋಡಿ. ಆಗ ಆಹಾರದ ಗುಣಾಂಕ ಹೇಳುವುದು 10ನೇ ದಿನದ ವ್ಯತ್ಯಾಸ; ಇದನ್ನು ಮರೆತು ವರದಿ ಬರೆಯಬೇಡಿ.

ಹತ್ತಿರದ ದಿನಗಳ ತೂಕ ಒಂದನ್ನೊಂದು ಹೋಲುತ್ತವೆ. ಸ್ಲೋಪ್ ಕೊಟ್ಟ ಮೇಲೂ ರೆಸಿಡ್ಯುಯಲ್‌ನಲ್ಲಿ (ಮಾಡೆಲ್ ವಿವರಿಸದೆ ಉಳಿದ ಭಾಗದಲ್ಲಿ) ಈ ಹೋಲಿಕೆ ಉಳಿದಿದ್ದರೆ ಮಿಕ್ಸೆಡ್ ಮಾಡೆಲ್‌ಗೆಂದು ಆರ್‌ನಲ್ಲಿರುವ ಎಲ್‌ಎಂಇ4 ಪ್ಯಾಕೇಜು ಸಾಲದು, ಅದರ ಎಲ್‌ಎಂಇಆರ್ ಫಂಕ್ಷನ್ನಿನಲ್ಲಿ ಅದಕ್ಕೆ ಜಾಗವಿಲ್ಲ. ಎನ್‌ಎಲ್‌ಎಂಇ ಪ್ಯಾಕೇಜಿಗೆ ಹೋಗಬೇಕು. ಅಲ್ಲೂ ಒಂದು ಗುಂಡಿ ಇದೆ: ಕೊನೆಯ ಅಂತರ ಎರಡು ದಿನವಲ್ಲ, ಒಂದೇ ದಿನ. ಅಳತೆಯ ಕ್ರಮಸಂಖ್ಯೆ ಕೊಟ್ಟರೆ ಎಆರ್1 (ಪ್ರತಿ ಅಳತೆಯೂ ಅದರ ಹಿಂದಿನದನ್ನು ಹೋಲುತ್ತದೆ ಎನ್ನುವ ರಚನೆ) ಎಲ್ಲ ಅಂತರವೂ ಸಮ ಎಂದುಕೊಳ್ಳುತ್ತದೆ. ನಿಜವಾದ ದಿನವನ್ನೇ ಕೊಟ್ಟು ಅದರ ನಿರಂತರ ಕಾಲದ ರೂಪವಾದ ಸಿಎಆರ್1 ಬಳಸಿ. ಇಂಥ ಕೋರಿಲೇಷನ್ (ಪರಸ್ಪರ ಹೋಲಿಕೆಯ) ರಚನೆಗಳನ್ನು ಆರ್‌ಇಎಂಎಲ್ (ರಿಸ್ಟ್ರಿಕ್ಟೆಡ್ ಮ್ಯಾಕ್ಸಿಮಮ್ ಲೈಕ್ಲಿಹುಡ್) ಎಂಬ ಅಂದಾಜಿನ ವಿಧಾನದಲ್ಲಿ ಹೋಲಿಸಿ. ಆಹಾರ ಬೇಕೋ ಬೇಡವೋ ಎಂಬ ಹೋಲಿಕೆಗೆ ಎಂಎಲ್ (ಬರೀ ಮ್ಯಾಕ್ಸಿಮಮ್ ಲೈಕ್ಲಿಹುಡ್).

ಈ ಕಡತದಲ್ಲಿರುವುದು ನಾಲ್ಕೇ ಕಾಲಂ: ತೂಕ, ದಿನ, ಮರಿ, ಆಹಾರ. ಗೂಡಿನ ಕಾಲಂ ಇಲ್ಲ. ನಿಮ್ಮ ಪ್ರಯೋಗದಲ್ಲಿ ಹತ್ತು ಮರಿ ಒಂದೇ ಗೂಡಿನಲ್ಲಿ ಒಂದೇ ತಟ್ಟೆಯಿಂದ ತಿಂದಿದ್ದರೆ ಎಣಿಸಬೇಕಾದದ್ದು ಗೂಡನ್ನು. ಒಂದು ಆಹಾರಕ್ಕೆ ಒಂದೇ ಗೂಡು ಇಟ್ಟಿದ್ದರೆ ಯಾವ ಮಾಡೆಲ್ಲೂ ಆಹಾರದ ಪರಿಣಾಮವನ್ನು ಗೂಡಿನದರಿಂದ ಬೇರ್ಪಡಿಸಿ ಕೊಡಲಾರದು.