ಟರ್ಕಿ ತಿನ್ನದವರಿಗೆ ಥ್ಯಾಂಕ್ಸ್‌ಗಿವಿಂಗ್ ಯಾಕೆ?

ನವೆಂಬರ್ ಬಂತು, ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರವಾಯಿತು ಅಂದರೆ ಈ ಪ್ರಶ್ನೆ ಎರಡು ದಿಕ್ಕಿನಿಂದ ಬರುತ್ತದೆ. ಊರಿಂದ ಫೋನ್ ಮಾಡಿದವರು, "ಅದು ಟರ್ಕಿ ಕೋಳಿ ತಿನ್ನೋ ಹಬ್ಬ ಅಲ್ವಾ, ನಿಮಗ್ಯಾಕೆ ಅದು?" ಅನ್ನುತ್ತಾರೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಆಫೀಸಿನವರು ಅಯ್ಯೋ ಪಾಪ ಅನ್ನೋ ಮುಖ ಮಾಡಿಕೊಂಡು, "ಟರ್ಕಿ ತಿನ್ನಲ್ವಾ? ಹಾಗಾದ್ರೆ ಆವತ್ತು ಏನು ತಿಂತೀರಿ?" ಅನ್ನುತ್ತಾರೆ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟೇ: ಹೊಟ್ಟೆ ತುಂಬ ತಿಂತೀವಿ. ಹಬ್ಬ ಮಾಡ್ತೀವಿ, ಮುಂದೆಯೂ ಮಾಡ್ತೀವಿ.

ಪ್ರಶ್ನೆ ಬೇಕಾದರೆ ಕೇಳಿ, ಬೇಜಾರಿಲ್ಲ. ಅದರ ಹಿಂದೆ ಬರುವ ಆ 'ಪಾಪ' ಇದೆಯಲ್ಲ, ಅದನ್ನು ಮಾತ್ರ ನನಗೆ ತಡೆಯೋಕಾಗಲ್ಲ. ಟರ್ಕಿ ಎತ್ತಿಟ್ಟರೆ ಮೇಜು ಖಾಲಿ ಅನ್ನೋ ಲೆಕ್ಕ. ಅಲ್ರೀ, ಆ ಮೇಜನ್ನ ಒಂದ್ಸಲ ಸರಿಯಾಗಿ ನೋಡಿ. ಬೆಣ್ಣೆ, ಹಾಲು ಹಾಕಿ ಕಿವುಚಿದ ಆಲೂಗಡ್ಡೆ. ಸುಟ್ಟ ಗೆಣಸು. ಬೀನ್ಸು. ಮುಸುಕಿನ ಜೋಳದ ಬ್ರೆಡ್ಡು. ಹುಳಿಹುಳಿ ಕ್ರ್ಯಾನ್‌ಬೆರಿ. ಬ್ರೆಡ್ ತುಂಡು, ಈರುಳ್ಳಿ, ಸೆಲರಿ, ಘಮಘಮ ಅನ್ನುವ ಸೇಜ್ ಸೊಪ್ಪು ಹಾಕಿ ಬೇಯಿಸಿದ ಸ್ಟಫಿಂಗ್. ಕೊನೆಗೆ ಕುಂಬಳಕಾಯಿ ಪೈ, ಸೇಬಿನ ಪೈ, ಪೆಕಾನ್ ಪೈ. ಬಾಳೆ ಎಲೆ ಮುಂದೆ ಕೂತು ಬೆಳೆದವರಿಗೆ ಇದರಲ್ಲಿ ಕೊರತೆ ಎಲ್ಲಿ ಕಾಣಬೇಕು? ನಮ್ಮ ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು ಎಲ್ಲ ಬಂದು ಕೂತ ಮೇಲೆ ಅನ್ನ, ತೊವ್ವೆ, ತುಪ್ಪ ಬರುತ್ತೆ. ಇದರಲ್ಲಿ ಯಾವುದು ಮುಖ್ಯ, ಯಾವುದು ಸೈಡ್ ಡಿಶ್ ಅಂತ ನಮ್ಮಲ್ಲಿ ಯಾರಾದರೂ ಕೇಳಿದ್ದುಂಟಾ? ಎಲ್ಲ ಸೇರಿದರೇ ಊಟ.

ಸಸ್ಯಾಹಾರಿಗಳು ಹುಷಾರಾಗಿರಬೇಕಾದ್ದು ಟರ್ಕಿ ವಿಷಯದಲ್ಲಿ ಅಲ್ಲವೇ ಅಲ್ಲ. ಅದು ಮೇಜಿನ ನಡುವೆ ಎದ್ದು ಕಾಣುತ್ತೆ. ಕಾಣದೇ ಇರೋದು ಬೇಕಾದಷ್ಟಿದೆ. ಸ್ಟಫಿಂಗ್‌ಗೆ ಹಾಕುವ ನೀರು ಸಾಮಾನ್ಯವಾಗಿ ಕೋಳಿ ಬೇಯಿಸಿದ ನೀರೇ ಆಗಿರುತ್ತೆ. ಆಲೂಗಡ್ಡೆ ಮೇಲೆ ಸುರಿಯುವ ಗ್ರೇವಿ, ಟರ್ಕಿಯಿಂದ ಇಳಿದ ರಸದಿಂದ ಮಾಡಿದ್ದು. ಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಅನ್ನುವ ಬಿಳಿ ಬಿಳಿ ಮೆತ್ತನೆ ಮಿಠಾಯಿ ಜೋಡಿಸಿ ಕೆಂಪಗೆ ಸುಡುತ್ತಾರಲ್ಲ, ಅದರಲ್ಲಿ ಜೆಲಟಿನ್ ಇರುತ್ತೆ. ಜೆಲಟಿನ್ ಮಾಡುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಕೆಲವರು ಪೈ ಹಿಟ್ಟಿಗೆ ಬೆಣ್ಣೆ ಬದಲು ಹಂದಿ ಕೊಬ್ಬು ಹಾಕುತ್ತಾರೆ. ನೋಡಲು ಎಲ್ಲ ಒಂದೇ ಥರ.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಪಕ್ಕದ ಮನೆಯ ಅಜ್ಜಿ. ನಮ್ಮ ಮಕ್ಕಳು ಅವರನ್ನು ಕರೆಯುವುದೇ ಅಜ್ಜಿ ಅಂತ. ಅವರಿಗೂ ಆ ಹೆಸರು ಇಷ್ಟ. ಅವರು ಹುಟ್ಟಿ ಬೆಳೆದದ್ದು ದಕ್ಷಿಣ ಜೆರ್ಸಿಯ ಪೈನ್ ಬ್ಯಾರೆನ್ಸ್ ಕಡೆ. ಅಲ್ಲಿ ಮರಳು ನೆಲ, ಹುಳಿ ಮಣ್ಣು. ಕ್ರ್ಯಾನ್‌ಬೆರಿಗೆ ಹೇಳಿ ಮಾಡಿಸಿದ ಜಾಗ. ಕೊಯ್ಲಿನ ಹೊತ್ತಿಗೆ ಗದ್ದೆಗೆ ನೀರು ಕಟ್ಟಿ ಬಳ್ಳಿ ಅಲ್ಲಾಡಿಸುತ್ತಾರೆ. ಹಣ್ಣಿನ ಒಳಗೆ ಗಾಳಿ ಇರುವುದರಿಂದ ಉದುರಿದ್ದೆಲ್ಲ ಮೇಲೆ ತೇಲುತ್ತೆ, ಇಡೀ ಗದ್ದೆ ಕೆಂಪಾಗುತ್ತೆ. ಅವರಪ್ಪ ಆ ಗದ್ದೆಗಳಲ್ಲಿ ದುಡಿದವರು. ಹಾಗಾಗಿ ಡಬ್ಬಿಯ ಕ್ರ್ಯಾನ್‌ಬೆರಿ ಅವರ ಮನೆಗೆ ಬರುವ ಹಾಗಿಲ್ಲ.

ನಾವು ಈ ಬಡಾವಣೆಗೆ ಬಂದ ವರ್ಷವೇ ಅವರು ಊಟಕ್ಕೆ ಕರೆದರು. ನಾವು ಮಾಂಸ ತಿನ್ನುವುದಿಲ್ಲ ಅಂದೆವು. "ಮೊಟ್ಟೆ? ಬೆಣ್ಣೆ? ಜೆಲಟಿನ್?" ಅಂತ ಒಂದೊಂದಾಗಿ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಂಡರು. 'ಪಾಪ' ಅನ್ನಲಿಲ್ಲ. ಆ ಚೀಟಿ ಇವತ್ತಿಗೂ ಅವರ ಫ್ರಿಜ್ ಬಾಗಿಲ ಮೇಲಿದೆ.

ಅಮ್ಮ ಅರಸೀಕೆರೆಯಿಂದ ಬಂದಿದ್ದ ವರ್ಷದ ಕಥೆ ಹೇಳಲೇಬೇಕು. ಅಜ್ಜಿಯ ಮನೆಯಲ್ಲಿ 16 ಪೌಂಡಿನ ಟರ್ಕಿ, ಅಂದರೆ ಏಳು ಕಿಲೋಗೂ ಜಾಸ್ತಿ. ಹೆಪ್ಪುಗಟ್ಟಿದ ಹಕ್ಕಿ ಫ್ರಿಜ್‌ನಲ್ಲಿ ಕರಗಲು ನಾಲ್ಕೈದು ಪೌಂಡಿಗೆ ಒಂದು ದಿನ ಬೇಕು. ಅವರು ಭಾನುವಾರವೇ ಇಳಿಸಿಟ್ಟಿದ್ದರು. ಎಲ್ಲ ಲೆಕ್ಕವೂ ಸರಿಯಾಗಿತ್ತು. ಗುರುವಾರ ಬೆಳಿಗ್ಗೆ ಹಕ್ಕಿಯನ್ನು ಓವನ್ ಒಳಗಿಟ್ಟು ಸ್ವಲ್ಪ ಹೊತ್ತಾಗಿತ್ತು. ಠಪ್ ಅಂತ ಶಬ್ದ, ನೀಲಿ ಕಿಡಿ, ಕೆಳಗಿನ ಕಾಯಿಲ್ ಸುಟ್ಟು ಎರಡು ತುಂಡು. ಆವತ್ತು ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ರಿಪೇರಿಯವರು ಫೋನೇ ಎತ್ತುವುದಿಲ್ಲ.

ನಮ್ಮ ಬಾಗಿಲು ಬಡಿದರು. ಮೊಣಕೈವರೆಗೂ ಮೈದಾ, ಕೈಯಲ್ಲಿ ಇನ್ನೂ ಬೇಯದ ಕುಂಬಳಕಾಯಿ ಪೈ. ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿದರು: "ಹಕ್ಕಿಯನ್ನು ನಿಮ್ಮ ಮನೆಯೊಳಗೆ ತರುವುದಿಲ್ಲ. ಪೈ ಮತ್ತು ಗೆಣಸಿಗೆ ಮಾತ್ರ ನಿಮ್ಮ ಓವನ್ ಕೊಡ್ತೀರಾ?"

ಅಮೆರಿಕದ ಎಷ್ಟೋ ಕನ್ನಡ ಮನೆಗಳಲ್ಲಿ ಓವನ್ ಅಂದರೆ ಪಾತ್ರೆ ಇಡುವ ಜಾಗ. ನಮ್ಮದರಲ್ಲೂ ಬಾಣಲೆ, ಎರಡು ತವಾ, ಇಡ್ಲಿ ಪಾತ್ರೆ, ದೊಡ್ಡ ಕುಕ್ಕರಿನ ಮುಚ್ಚಳ ಎಲ್ಲ ಇತ್ತು. ಅಜ್ಜಿ ಪೈ ಹಿಡಿದು ನಿಂತೇ ಇದ್ದರು, ನಾವು ಒಂದೊಂದಾಗಿ ತೆಗೆದು ನೆಲದ ಮೇಲೆ ಇಡುತ್ತಲೇ ಇದ್ದೆವು. ಇಡ್ಲಿ ತಟ್ಟೆ ನೋಡಿ ಅವರು, "ಇದೇನು, ಮೊಟ್ಟೆ ಬೇಯಿಸೋಕಾ?" ಅಂದರು. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಆದರೆ ಕೈಯಲ್ಲೇ ಹಿಟ್ಟು ಹುಯ್ದು, ಆವಿ ಬರಿಸಿ, ಇಡ್ಲಿ ತೆಗೆದು ತೋರಿಸಿದಳು.

ಹಕ್ಕಿಯ ಕಥೆ ಅವರ ಹಿತ್ತಲಲ್ಲಿ ನಡೆಯಿತು. ಅಜ್ಜಿಯ ಅಳಿಯ ಬೆನ್ನುಮೂಳೆ ಕತ್ತರಿಸಿ ತೆಗೆದು, ಅದನ್ನು ಅಗಲಕ್ಕೆ ಬಿಚ್ಚಿ ಗ್ಯಾಸ್ ಗ್ರಿಲ್ ಮೇಲೆ ಹಾಕಿ ಮುಚ್ಚಳ ಮುಚ್ಚಿದರು. ಹೊರಗೆ ಮೂಳೆ ಕೊರೆಯುವ ಚಳಿ. ಟರ್ಕಿ ಒಳಗೆಲ್ಲ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟದೆ ತಿನ್ನುವ ಹಾಗಿಲ್ಲ. ಹಾಗಾಗಿ ಅವರು ಥರ್ಮಾಮೀಟರ್ ಚುಚ್ಚಿ ನೋಡುವುದು, ಕೈ ಉಜ್ಜಿಕೊಳ್ಳುವುದು, ಮತ್ತೆ ಚುಚ್ಚುವುದು.

ಈ ಕಡೆ ಅಮ್ಮ ಬಿಸಿಬೇಳೆಬಾತಿಗೆ ಒಗ್ಗರಣೆ ಇಟ್ಟಳು. ಒಣಮೆಣಸಿನಕಾಯಿ, ಇಂಗು, ಧಾರಾಳ ತುಪ್ಪ. ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳುವ ಹಾಗೆ ಹೊಡೆದುಕೊಂಡಿತು. ಇನ್ನೊಂದು ಓವನ್ನೂ ಹೋಯಿತು ಅಂದುಕೊಂಡು ಅಳಿಯ ಇಕ್ಕಳ ಹಿಡಿದೇ ಓಡಿ ಬಂದರು. ಬಾಗಿಲಲ್ಲೇ ಕೆಮ್ಮು ಹತ್ತಿತು. ಅಮ್ಮ ಟವೆಲ್ ಬೀಸಿ ಅಲಾರಂ ನಿಲ್ಲಿಸಿದಳು. ಚಳಿಯಲ್ಲಿ ನಡುಗುತ್ತಿದ್ದ ಆ ಮನುಷ್ಯನಿಗೆ ಒಂದು ಬಟ್ಟಲು ಬಿಸಿಬೇಳೆಬಾತ್ ಕೊಟ್ಟು, "ತಿನ್ನಪ್ಪ, ಬಿಸಿ ಇದೆ" ಅಂದಳು. ಗ್ರಿಲ್ ಪಕ್ಕ ನಿಂತೇ ತಿಂದರು. ಎರಡನೇ ಬಟ್ಟಲಿಗೂ ಬಂದರು.

ಊಟಕ್ಕೆ ಕೂತಾಗ ಕತ್ತಲಾಗಿತ್ತು. ಗೆಣಸಿನ ಟ್ರೇ ನಡುವೆ ಅಲ್ಯೂಮಿನಿಯಂ ಹಾಳೆ ಮಡಿಸಿ ಒಂದು ಗೋಡೆ ಎಬ್ಬಿಸಿದ್ದರು. ಒಂದು ಕಡೆ ಮಾರ್ಷ್‌ಮ್ಯಾಲೋ, ಇನ್ನೊಂದು ಕಡೆ ಬರೀ ಪೆಕಾನ್, ಕಂದು ಸಕ್ಕರೆ. ನಮ್ಮ ಕಡೆಗೆ ಹಲ್ಲುಕಡ್ಡಿಗೆ ಅಂಟಿಸಿದ ಹಸಿರು ಕಾಗದದ ಬಾವುಟ. ಸ್ಟಫಿಂಗ್ ಎರಡು ಪಾತ್ರೆಯಲ್ಲಿ. ನಮ್ಮದಕ್ಕೆ ತರಕಾರಿ ಬೇಯಿಸಿದ ನೀರು. ಅದರ ಚಮಚಕ್ಕೂ ಹಸಿರು ದಾರ, ಅದಕ್ಕೂ ಇದಕ್ಕೂ ಬೆರಕೆ ಆಗಬಾರದಲ್ಲ. ಅಮ್ಮ ಆ ದಾರವನ್ನೇ ನೋಡುತ್ತಾ ನನ್ನ ಕಿವಿಯಲ್ಲಿ ಹೇಳಿದಳು: "ಇವರಿಗೂ ಮಡಿ ಗೊತ್ತು ಕಣೋ."

ಇದನ್ನು ಕೇಳಿ ಅಂತೀನಿ ನಾನು. "ಟರ್ಕಿ ಇಲ್ಲದೆ ಏನು ತಿಂದ್ರಿ" ಅನ್ನುವ ಬದಲು, "ನಿಮಗೋಸ್ಕರ ಯಾರು ಏನು ಮಾಡಿದ್ರು?" ಅಂತ ಕೇಳಿ. ಆಗ ನನಗೆ ಹೇಳುವುದು ಬೇಕಾದಷ್ಟಿದೆ. ಎಪ್ಪತ್ತು ದಾಟಿದ ಹೆಂಗಸು ಅಂಗಡಿಯಲ್ಲಿ ಕನ್ನಡಕ ಏರಿಸಿಕೊಂಡು ಪ್ರತಿ ಡಬ್ಬಿಯ ಹಿಂದಿನ ಸಣ್ಣಕ್ಷರ ಓದುತ್ತಾರೆ ಅಂತ ಹೇಳ್ತೀನಿ. ಓವನ್ ಕೆಟ್ಟು, ಮನೆಗೆ ನೆಂಟರು ಬಂದು, ಅಷ್ಟು ಗಡಿಬಿಡಿಯಲ್ಲೂ ಹಸಿರು ದಾರ ಕಟ್ಟುವುದನ್ನು ಮರೆಯಲಿಲ್ಲ ಅಂತ ಹೇಳ್ತೀನಿ. ನಮ್ಮ ಮನೆಗಳಲ್ಲಿ ಬೇರೆ ಊಟದ ಪದ್ಧತಿಯವರು ಬಂದಾಗ ಇಷ್ಟು ವಿಚಾರಿಸ್ತೀವಾ ಅಂತ ನಾನೂ ತಿರುಗಿ ಕೇಳ್ತೀನಿ.

ಸಂಬಂಧಿಕರೊಬ್ಬರು ಈ ಕಥೆ ಪೂರ್ತಿ ಕೇಳಿ, "ಹೌದೂ, ಅವರ ಪಾತ್ರೆಯಲ್ಲೇ ತಿಂದ್ರಾ?" ಅಂದರು. ತಿಂದೆವು. ಎರಡೆರಡು ಸಲ ಹಾಕಿಸಿಕೊಂಡು ತಿಂದೆವು. ಅಮ್ಮನೂ ತಿಂದಳು.

ಆವತ್ತಿನ ಇನ್ನೊಂದು ವಿಷಯ. ಅಜ್ಜಿ ಹೊಸ ಕ್ರ್ಯಾನ್‌ಬೆರಿ ಎರಡು ಪ್ಯಾಕೆಟ್ ತಂದಿದ್ದರು. ಒಂದನ್ನು ತಮ್ಮ ರೀತಿ ಸಕ್ಕರೆ, ಕಿತ್ತಳೆ ಸಿಪ್ಪೆ ಹಾಕಿ ಕುದಿಸಿದ್ದರು. ಇನ್ನೊಂದನ್ನು ಅಮ್ಮನ ಕೈಗಿಟ್ಟರು. ಅಮ್ಮ ಒಂದು ಹಣ್ಣು ಕಚ್ಚಿ, "ಕವಳಿಕಾಯಿ ಹುಳಿ ಇದ್ದಂಗಿದೆ" ಅಂದಳು. ಗೊಜ್ಜು ಮಾಡೋಕೆ ನಿಂತಳು. ಎಣ್ಣೆಗೆ ಸಾಸಿವೆ, ಇಂಗು, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ. ಮೇಲೆ ಹಣ್ಣು. ಬಿಸಿ ತಾಗಿದ ಹಾಗೆ ಸಿಪ್ಪೆ ಬಿರಿದು ಸಾಸಿವೆ ಸಿಡಿದ ಹಾಗೇ ಪಟಪಟ ಅನ್ನುತ್ತೆ. ಆಮೇಲೆ ಬೆಲ್ಲ, ಉಪ್ಪು. ಹುಣಸೆಹಣ್ಣು ಬೇಡವೇ ಬೇಡ. ಒಲೆ ಮೇಲೆ ತೆಳ್ಳಗಿದೆ ಅನ್ನಿಸಿದರೂ ಆರಿದ ಮೇಲೆ ಅದಾಗಿಯೇ ಗಟ್ಟಿಯಾಗುತ್ತೆ, ಹಣ್ಣಿನಲ್ಲೇ ಪೆಕ್ಟಿನ್ ಇದೆ. ಈಗ ಪ್ರತಿ ವರ್ಷ ಆ ಮೇಜಿನ ಮೇಲೆ ಎರಡೂ ಇರುತ್ತೆ. ಅಳಿಯ ಟರ್ಕಿಗೆ ಗೊಜ್ಜೇ ಹಚ್ಚಿಕೊಳ್ಳುತ್ತಾರೆ.

"ಅದು ಅವರ ಸಂಪ್ರದಾಯ ಕೆಡಿಸಿದ ಹಾಗಲ್ವಾ?" ಅಂತ ಒಬ್ಬರು ಕೇಳಿದರು. ಯಾವ ಸಂಪ್ರದಾಯ ಸ್ವಾಮಿ? ಈ ಹಬ್ಬದ ಮೂಲ ಅನ್ನುವ 1621ರ ಊಟದಲ್ಲಿ, ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ವಲಸೆ ಬಂದ ಇಂಗ್ಲಿಷರು, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ ಒಟ್ಟಿಗೆ ಉಂಡಾಗ ಇದ್ದದ್ದು ಬೇಟೆಯಾಡಿದ ಹಕ್ಕಿಗಳು, ವಾಂಪನೋಗರು ತಂದ ಐದು ಜಿಂಕೆ. ಈಗಿನ ಕಿವುಚಿದ ಆಲೂಗಡ್ಡೆ, ಸಕ್ಕರೆಯ ಕ್ರ್ಯಾನ್‌ಬೆರಿ ಸಾಸ್ ಯಾವುದೂ ಅಲ್ಲಿರಲಿಲ್ಲ. ದೇಶಕ್ಕೆಲ್ಲ ಒಂದೇ ದಿನ ಈ ಹಬ್ಬ ಆಗಲಿ ಅಂತ ಸಾರಾ ಜೋಸೆಫಾ ಹೇಲ್ ಅನ್ನುವ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಬರೆದರು. 1863ರಲ್ಲಿ, ಅಂತರ್ಯುದ್ಧದ ನಡುವೆ ಅಧ್ಯಕ್ಷ ಲಿಂಕನ್ ಅದಕ್ಕೆ ಘೋಷಣೆ ಹೊರಡಿಸಿದರು. ನವೆಂಬರಿನ ನಾಲ್ಕನೇ ಗುರುವಾರ ಅಂತ ಕಾನೂನಾದದ್ದು 1941ರಲ್ಲಿ. ಇನ್ನು ಅಣಬೆ ಸೂಪು, ಕರಿದ ಈರುಳ್ಳಿ ಹಾಕಿದ ಆ ಬೀನ್ಸ್ ಕ್ಯಾಸರೋಲ್, ಅದು 1955ರಲ್ಲಿ ಇದೇ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಹುಟ್ಟಿದ್ದು. ಕ್ಯಾಂಪ್‌ಬೆಲ್ ಸೂಪ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಡಾರ್ಕಸ್ ರೈಲಿ ಮತ್ತು ಅವರ ಜೊತೆಯವರು ಮಾಡಿದ್ದು. ಅದಕ್ಕೆ ಮೇಜಿನ ಮೇಲೆ ಜಾಗ ಸಿಕ್ಕಿದ ಮೇಲೆ ನಮ್ಮ ಗೊಜ್ಜಿಗೆ ಯಾಕೆ ಸಿಗಬಾರದು?

ವಾಂಪನೋಗರ ಮಾತು ಬಂತು. ಅವರ ನೆಲ ಹೋಯಿತು, ಎಷ್ಟೋ ಜನ ಸತ್ತರು. 1970ರಿಂದ ಇದೇ ದಿನ ಪ್ಲಿಮತ್‌ನ ಕೋಲ್ಸ್ ಹಿಲ್ ಮೇಲೆ ಮೂಲನಿವಾಸಿಗಳು ಸೇರಿ ಶೋಕದಿನ ಆಚರಿಸುತ್ತಾರೆ. ನಮ್ಮ ಮಕ್ಕಳಿಗೆ ಅದನ್ನು ಹೇಳಿದ್ದೇವೆ. ಅಜ್ಜಿಯ ಮೇಜಿನ ಸುತ್ತಲೂ ಅದರ ಮಾತು ಆಗಿದೆ. ಮುಸುಕಿನ ಜೋಳ, ಬೀನ್ಸು, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಒಂದಕ್ಕೊಂದು ಆಸರೆಯಾಗಿ ಬೆಳೆಸಿದ್ದು ಆ ಜನ. ನಾವು ಆವತ್ತು ತಿನ್ನುವ ಅರ್ಧ ಊಟ ಅವರದ್ದು. ಅದನ್ನು ಮರೆಯದೆ ಉಣ್ಣಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಈ ವರ್ಷ ಹೊಸದಾಗಿ ಓದಲು ಬಂದ ಕನ್ನಡದ ಹುಡುಗ ಹುಡುಗಿಯರು ಇದ್ದೀರಿ. ಯಾರಾದರೂ ಊಟಕ್ಕೆ ಕರೆದರೆ "ಅಲ್ಲಿ ನಮಗೇನಿರುತ್ತೆ" ಅಂತ ಹಾಸ್ಟೆಲಿನಲ್ಲಿ ಮ್ಯಾಗಿ ಮಾಡಿಕೊಂಡು ಕೂರಬೇಡಿ. ಹೋಗಿ. ಏನು ತಿನ್ನಲ್ಲ ಅನ್ನುವುದನ್ನು ಒಂದು ವಾರ ಮೊದಲೇ ಬಿಡಿಸಿ ಹೇಳಿ. ಊಟದ ಹೊತ್ತಿಗೆ ಹೇಳಿದರೆ ಮಾಡಿದವರಿಗೆ ಸಂಕಟ. ಬರಿಗೈಲಿ ಹೋಗಬೇಡಿ. ಚಿತ್ರಾನ್ನ, ಕೋಸಂಬರಿ, ಕ್ರ್ಯಾನ್‌ಬೆರಿ ಗೊಜ್ಜು, ಹೀಗೆ ತಣ್ಣಗಿದ್ದರೂ ನಡೆಯುವಂಥದ್ದು ಒಯ್ಯಿರಿ. ಆವತ್ತು ಯಾರ ಮನೆಯ ಓವನ್ನಲ್ಲೂ ಜಾಗ ಇರಲ್ಲ. ಗೊಜ್ಜಿಗೆ 12 ಔನ್ಸಿನ ಒಂದು ಪ್ಯಾಕೆಟ್ ಹಣ್ಣು ಸಾಕು, ಬೆಲ್ಲ ಮಾತ್ರ ಸ್ವಲ್ಪ ಧಾರಾಳವಾಗಿ ಹಾಕಿ.