ನೀರು ಬೀಳಬೇಕಾದ ಜಾಗ

ನನ್ನ ಹೆಂಡತಿ ಕಾರಿನಲ್ಲಿ ಚಪ್ಪಲಿ ಬಿಚ್ಚಿಟ್ಟು ಕೂರುವವಳು. ಹಾಗಾಗಿ ಮೊದಲು ಗೊತ್ತಾಗಿದ್ದು ಅವಳ ಪಾದಗಳಿಗೆ. “ಇಲ್ಲಿ ಕೆಳಗೆಲ್ಲ ಒದ್ದೆ. ಯಾರು ನೀರು ಚೆಲ್ಲಿದ್ದು?” ಎಂದಳು. ಹಿಂದೆ ಕುಳಿತಿದ್ದ ಮಗಳ ಕೈಯಲ್ಲಿ ನೀರಿನ ಬಾಟಲಿ ಇತ್ತು, ಅಷ್ಟು ಸಾಕಾಯಿತು. “ನನ್ನದು ತುಂಬಿಯೇ ಇದೆ, ನೋಡಮ್ಮಾ” ಎಂದು ಬಾಟಲಿ ಎತ್ತಿ ತೋರಿಸಿದರೂ ಅವಳ ಮಾತಿಗೆ ಬೆಲೆ ಸಿಗಲಿಲ್ಲ. ಮುಂದಿನ ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಗುಳಕ್ ಎಂದು ಸದ್ದಾಯಿತು. ಒಂದು ಲೋಟದಷ್ಟು ತಣ್ಣನೆಯ ನೀರು ಹೆಂಡತಿಯ ಕಾಲ ಮೇಲೆ ಸುರಿಯಿತು. ಹೊರಗೆ ಬಿರುಬಿಸಿಲು, ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಕಾರಿನೊಳಗೆ ನೀರು ಬರುವ ದಾರಿಗಳು ಹಲವು. ಮಳೆನೀರು ಬಾಗಿಲಿನ ರಬ್ಬರಿನ ಸಂದಿಯಿಂದ, ಮುಂಗಾಜಿನ ಬುಡದಿಂದ, ಸನ್‌ರೂಫ್ ಇದ್ದರೆ ಅದರ ಮೂಲೆಯ ಕೊಳವೆಗಳಿಂದ ಇಳಿಯಬಹುದು. ಎಂಜಿನ್ ತಂಪಾಗಿಡುವ ಕೂಲೆಂಟ್, ಡ್ಯಾಶ್‌ಬೋರ್ಡಿನೊಳಗಿನ ಹೀಟರ್ ಸೋರಿದರೆ ಅದೇ ಜಾಗಕ್ಕೆ ಬಂದು ಬೀಳುತ್ತದೆ. ಇವು ಬೇರೆ ಬೇರೆ ಕಾಯಿಲೆಗಳು, ಆದರೆ ಮ್ಯಾಟಿನ ಮೇಲೆ ಎಲ್ಲವೂ ಒದ್ದೆಯೇ. ಮರುದಿನ ಗ್ಯಾರೇಜಿನಲ್ಲಿ ತೋರಿಸಿದಾಗ ಅಲ್ಲಿನ ಮೇಸ್ತ್ರಿ ಮ್ಯಾಟನ್ನು ಎತ್ತಿ ನೋಡಿ, ಮುಖ ಸಣ್ಣಗೆ ಮಾಡಿಕೊಂಡು, “ಏಸಿಯ ಕೂಲಿಂಗ್ ಕಾಯಿಲ್ ಹೋಗಿರಬೇಕು ಸರ್. ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕಾಗುತ್ತದೆ, ಗಾಡಿ ಬಿಟ್ಟು ಹೋಗಿ” ಎಂದರು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿ, ಯಾರೂ ಕೇಳದಿದ್ದರೂ, “ಗ್ಯಾಸ್ ಸೋರಿ ನೀರಾಗಿದೆ” ಎಂದು ತೀರ್ಪು ಕೊಟ್ಟರು.

ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಇಂದಿನ ಬಹಳಷ್ಟು ಕಾರುಗಳಲ್ಲಿರುವ ಆರ್-134ಎ ಎಂಬ ಏಸಿ ಅನಿಲ ಸಾಧಾರಣ ಒತ್ತಡದಲ್ಲಿ ಸುಮಾರು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಸೋರಿದರೆ ಗಾಳಿಯಲ್ಲಿ ಗಾಳಿಯಾಗಿ ಹೋಗುತ್ತದೆಯೇ ಹೊರತು ಕಾರ್ಪೆಟ್ಟಿನ ಮೇಲೆ ನಿಲ್ಲುವುದಿಲ್ಲ. ಅನಿಲ ಹೋದ ಮೇಲೆ ಏಸಿ ತಂಪು ಕೊಡುವುದೂ ಇಲ್ಲ. ನಮ್ಮ ಏಸಿಯಾದರೋ ಬೆರಳು ಮರಗಟ್ಟುವಷ್ಟು ತಣ್ಣಗೆ ಬೀಸುತ್ತಿತ್ತು. ಇಷ್ಟು ಆರೋಗ್ಯವಾಗಿರುವ ಯಂತ್ರದ ಹೊಟ್ಟೆ ಕೊಯ್ಯುವ ಅವಸರ ಯಾಕೆ? “ಆಮೇಲೆ ಬರುತ್ತೇನೆ” ಎಂದು ಹೇಳಿ ಗಾಡಿ ತಿರುಗಿಸಿಕೊಂಡು ಬಂದೆ.

ಮನೆಯಲ್ಲಿ ಒಂದು ಬಿಳಿ ಟಿಶ್ಯೂ ಕಾಗದವನ್ನು ಆ ನೀರಿನ ಮೇಲೆ ಒತ್ತಿದೆ. ಕೂಲೆಂಟ್ ಆಗಿದ್ದರೆ ಹಸಿರೋ ಗುಲಾಬಿಯೋ ಬಣ್ಣ ಕಾಣಬೇಕಿತ್ತು, ಬೆರಳಿಗೆ ಜಿಡ್ಡು ಹತ್ತಬೇಕಿತ್ತು, ಸಿಹಿಯಾದ ಒಂದು ವಾಸನೆ ಬರಬೇಕಿತ್ತು. ಕಾಗದ ಬಿಳಿಯಾಗಿಯೇ ಇತ್ತು. ಆಮೇಲೆ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಏಸಿಯನ್ನು ಪೂರ್ತಿ ಹಾಕಿ, ಹೊರಗೆ ಬಂದು ಕಾರಿನ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು. ಸೆಕೆಯ ದಿನ, ಏಸಿ ಅಷ್ಟು ಹೊತ್ತು ಓಡಿದ ಮೇಲೂ ಕೆಳಗೆ ಒಂದು ಹನಿ ಇಲ್ಲ! ನನಗೆ ಬೇಕಾಗಿದ್ದ ಉತ್ತರ ಅಲ್ಲಿತ್ತು.

ಏಸಿಯನ್ನು ನಾವು ತಂಪು ಮಾಡುವ ಯಂತ್ರವೆಂದೇ ತಿಳಿಯುತ್ತೇವೆ. ಆದರೆ 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ತನ್ನ ಮೊದಲ ವ್ಯವಸ್ಥೆಯನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಅಲ್ಲಿನವರ ದೂರು ಸೆಕೆಯದ್ದಲ್ಲ, ತೇವದ್ದು. ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಆಚೀಚೆ ಸರಿಯುತ್ತಿದ್ದವು. ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ಅದರ ನೀರನ್ನು ಇಳಿಸುವುದು ಅವನ ಉಪಾಯ. ಕಾರಿನಲ್ಲಿ ನಡೆಯುವುದೂ ಅದೇ. ಉಷ್ಣತೆ 30 ಡಿಗ್ರಿ ಇದ್ದಾಗ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದನ್ನೇ 10 ಡಿಗ್ರಿಗೆ ಇಳಿಸಿದರೆ ಹಿಡಿಯುವುದು ಒಂಬತ್ತು ಗ್ರಾಂ ಚಿಲ್ಲರೆ. ಉಳಿದದ್ದು ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನ ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಹನಿಗಟ್ಟಿ, ಕೆಳಗಿನ ತಟ್ಟೆಗೆ ಇಳಿದು, ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ ರಸ್ತೆಗೆ ಬೀಳಬೇಕು. ಸೆಕೆ ಹೆಚ್ಚಿರುವ ದಿನ ಇದು ಲೀಟರ್ ಲೆಕ್ಕದಲ್ಲಿ ಇಳಿಯುತ್ತದೆ. ಕೊಳವೆ ಕಟ್ಟಿಕೊಂಡರೆ ತಟ್ಟೆ ತುಂಬುತ್ತದೆ, ತುಂಬಿದ ತಟ್ಟೆ ಕಾರು ತಿರುಗಿದಾಗ ತುಳುಕುತ್ತದೆ. ನಮ್ಮ ಏಸಿ ಕೆಟ್ಟಿರಲಿಲ್ಲ, ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿತ್ತು. ಕೆಟ್ಟಿದ್ದು ಕೊನೆಯ ಒಂದು ಗೇಣು ದಾರಿ.

ಭಾನುವಾರ ಭಾವ ಬಂದರು. ಅಕ್ಕನ ಗಂಡನಾದ ಅವರಿಗೆ ಸ್ಪ್ಯಾನರ್ ಹಿಡಿಯುವ ಕೆಲಸವೆಂದರೆ ಊಟದ ನೆನಪೂ ಇರುವುದಿಲ್ಲ. ಒದ್ದೆಯನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಒಂದನ್ನು ಜೊತೆಗೇ ತಂದಿದ್ದರು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ಆರುವವರೆಗೂ ಕಾದೆವು. ಸೈಲೆನ್ಸರ್ ಕೊಳವೆ ಹತ್ತಿರದಲ್ಲೇ ಹಾದುಹೋಗುವುದರಿಂದ ಬಿಸಿ ಕಾರಿನ ಕೆಳಗೆ ಕೈ ಹಾಕುವಂತಿಲ್ಲ. ಜಾಕ್ ಎತ್ತಿದ ಮೇಲೆ ಭಾವ ಕಬ್ಬಿಣದ ಸ್ಟ್ಯಾಂಡುಗಳನ್ನು ಕೆಳಗೆ ಕೊಡದೆ ನನ್ನನ್ನು ಒಳಗೆ ಬಿಡಲಿಲ್ಲ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಮಲಗುವವರ ವಿಷಯದಲ್ಲಿ ಅವರಿಗೆ ಇರುವಷ್ಟು ಸಿಟ್ಟು ನನಗೂ ಇದೆ.

ಕೊಳವೆ ಹುಡುಕುವುದೇ ಒಂದು ಕೆಲಸ. ಎಂಜಿನ್ನನ್ನೂ ಪ್ರಯಾಣಿಕರ ಭಾಗವನ್ನೂ ಬೇರ್ಪಡಿಸುವ ಲೋಹದ ಗೋಡೆಯಲ್ಲಿ, ಸಾಮಾನ್ಯವಾಗಿ ಚಾಲಕನ ಪಕ್ಕದ ಆಸನದ ಕಡೆ, ಅದು ಹೊರಗೆ ಬಂದಿರುತ್ತದೆ. ಕೆಲವು ಕಾರುಗಳಲ್ಲಿ ಬಾನೆಟ್ ತೆರೆದರೆ ಮೇಲಿನಿಂದಲೇ ಕಾಣಿಸುತ್ತದೆ. ಇನ್ನು ಕೆಲವಲ್ಲಿ ಕಾರ್ಪೆಟ್ಟಿನ ಅಡಿಯಲ್ಲಿ ನೆಲ ತೂರಿ ಇಳಿಯುತ್ತದೆ. ನಮ್ಮದರಲ್ಲಿ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟಾಗ, ಹೆಬ್ಬೆರಳಿನ ದಪ್ಪದ ಕಪ್ಪು ರಬ್ಬರ್ ತುಂಡೊಂದು ಮೊಣಕೈಯಂತೆ ಬಾಗಿ ಕೆಳಮುಖವಾಗಿ ನಿಂತಿದ್ದು ಕಂಡಿತು. ಅದರ ತುದಿ ಎರಡು ತುಟಿಗಳ ಹಾಗೆ ಚಪ್ಪಟೆಯಾಗಿ ಮುಚ್ಚಿಕೊಂಡಿತ್ತು. ಒಳಗಿನ ನೀರು ಒತ್ತಿದಾಗ ತೆರೆದುಕೊಂಡು, ಹೊರಗಿನ ಕೆಸರನ್ನೂ ಹುಳುಗಳನ್ನೂ ತಡೆಯಲೆಂದು ಮಾಡಿದ ವ್ಯವಸ್ಥೆ ಅದು. ತುಟಿಗಳ ನಡುವೆ ಕೆಸರು ಒಣಗಿ ಕಲ್ಲಾಗಿತ್ತು.

“ಒಂದು ತಂತಿ ತೂರಿಸಿದರೆ ಆಯಿತಲ್ಲ ಭಾವ” ಎಂದೆ.

“ತಂತಿ ಬೇಡ ಮಾರಾಯ. ಅದು ಮೇಲೆ ಹೋಗಿ ಕಾಯಿಲಿಗೆ ಚುಚ್ಚಿದರೆ, ಆ ಮೇಸ್ತ್ರಿ ಹೇಳಿದ್ದು ನಿಜವಾಗುತ್ತದೆ” ಎಂದರು.

ಅವರು ಕೊಟ್ಟದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರ. ಬಾಗುತ್ತದೆ, ಆದರೆ ಚುಚ್ಚುವುದಿಲ್ಲ. ಗಾಳಿ ಹೊಡೆಯುವ ಕಂಪ್ರೆಸರನ್ನು ಭಾವ ಇದಕ್ಕೆ ಮುಟ್ಟುವುದೇ ಇಲ್ಲ. ಜೋರಾಗಿ ಊದಿದರೆ ಕೊಳವೆ ಒಳಗಿನ ಜೋಡಣೆಯಿಂದಲೇ ಕಳಚಿಕೊಳ್ಳಬಹುದು, ಹೂಳು ತಟ್ಟೆಗೆ ಮರಳಿ, ನೀರು ಚಿಮ್ಮಿ ಏಸಿಯ ಗಾಳಿ ಬೀಸುವ ಬ್ಲೋವರ್‌ಗೆ ಹೋಗಬಹುದು. ಕೊಳೆ ಹೋಗಬೇಕಾದ ದಿಕ್ಕು ಕೆಳಗೆ, ಹಾಗಾಗಿ ಕೆಳಗಿನಿಂದ ಎಳೆಯಬೇಕು ಎಂಬುದು ಅವರ ಪಕ್ಕಾ ಅಭಿಪ್ರಾಯ.

ಮೊದಲು ರಬ್ಬರಿನ ತುಟಿಗಳನ್ನು ಬೆರಳುಗಳ ನಡುವೆ ಹಿಡಿದು ಹಿಸುಕಿದೆ. ಒಳಗೆ ಏನೋ ಕಟಕಟ ಎಂದು ಒಡೆಯಿತು, ಮಣ್ಣಿನ ಪುಡಿ ಕನ್ನಡಕದ ಮೇಲೆ ಉದುರಿತು. ಕನ್ನಡಕ ಹಾಕಿಕೊಂಡೇ ಮಲಗು ಎಂದು ಭಾವ ಹೇಳಿದ್ದು ಯಾಕೆಂದು ಆಗ ತಿಳಿಯಿತು. ಕೆಸರು ತೆಗೆದರೂ ನೀರು ಬರಲಿಲ್ಲ. ನೈಲಾನ್ ದಾರವನ್ನು ಬಾಗಿನ ತನಕ ತೂರಿಸಿದಾಗ ತುದಿ ಮೆತ್ತನೆಯ ಒಂದಕ್ಕೆ ತಾಕಿ ನಿಂತಿತು. ಬಲವಂತ ಮಾಡದೆ ಬೆರಳುಗಳ ನಡುವೆ ಹೊಸೆಯುತ್ತ ತಿರುಗಿಸಿ, ಸ್ವಲ್ಪ ಎಳೆದು, ಮತ್ತೆ ತಿರುಗಿಸಿದೆ. ಬೂದುಬಣ್ಣದ ಲೋಳೆಯ ಎಳೆಯೊಂದು ದಾರಕ್ಕೆ ಅಂಟಿಕೊಂಡು ಬಂತು. ಆಮೇಲೆ ವ್ಯಾಕ್ಯೂಮಿನ ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಸಂದಿಯಿಲ್ಲದಂತೆ ಕೊಳವೆಗೆ ಒತ್ತಿ ಹಿಡಿದೆವು. ಯಂತ್ರ ಒಂದು ಕ್ಷಣ ಉಸಿರುಗಟ್ಟಿದ ಹಾಗೆ ಏದುಸಿರು ಬಿಟ್ಟು, ಲೊಳಕ್ ಎಂದು ಏನನ್ನೋ ನುಂಗಿತು. ಬಾಯಿ ತೆಗೆದದ್ದೇ ತಡ, ಕಂದು ಬಣ್ಣದ ನೀರು ಧಾರೆಯಾಗಿ ಭಾವನ ತೋಳಿನೊಳಗೆ ಇಳಿಯಿತು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ. “ಬಂತು, ಬಂತು, ಬಕೆಟ್ ಕೊಡು” ಎಂದು ನಗುತ್ತಲೇ ಇದ್ದರು.

ವ್ಯಾಕ್ಯೂಮಿನ ಡಬ್ಬಿ ಬಿಚ್ಚಿದಾಗ ಕಟ್ಟಿಕೊಂಡಿದ್ದು ಸಿಕ್ಕಿತು. ಬೆರಳ ತುದಿಯಷ್ಟು ಉದ್ದದ ಒಂದು ಬಿರಡೆ. ಎಲೆಯ ತೊಟ್ಟುಗಳು, ಪರಾಗದಂಥ ಹಳದಿ ಪುಡಿ, ಒಂದು ಹುಳುವಿನ ಅರೆ ರೆಕ್ಕೆ, ಎಲ್ಲವನ್ನೂ ಲೋಳೆ ಒಟ್ಟಿಗೆ ಹಿಡಿದಿತ್ತು. ಮಗಳು ಅದನ್ನು ಕಡ್ಡಿಯಿಂದ ಬಿಡಿಸಿ ಬಿಡಿಸಿ ನೋಡಿದಳು. ಕಾರನ್ನು ಇಳಿಸಿ, ಏಸಿ ಹಾಕಿ ಕಾದಾಗ ಕೆಳಗೆ ತೊಟತೊಟ ಹನಿಯಲು ಶುರುವಾಯಿತು, ಮೊದಲು ಕಲಕಲಾಗಿ, ಆಮೇಲೆ ತಿಳಿಯಾಗಿ. ರಬ್ಬರಿನ ತುಟಿಗಳನ್ನು ಕತ್ತರಿಸಿಬಿಟ್ಟರೆ ಇನ್ನು ಕಟ್ಟುವುದೇ ಇಲ್ಲ ಎಂದು ಭಾವ ಕತ್ತರಿ ತೆಗೆದರು. ನಾನು ಬಿಡಲಿಲ್ಲ. ತೆರೆದ ಕೊಳವೆ ಕಂಡರೆ ಗೂಡು ಕಟ್ಟುವ ಹುಳುಗಳಿಗೆ ಬಾಡಿಗೆಯಿಲ್ಲದ ಮನೆ ಸಿಕ್ಕ ಹಾಗೆ. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಇನ್ನೂ ರಾಜಿಯಾಗಿಲ್ಲ.

ಕೊಳವೆಯ ಕೆಲಸ ಒಂದು ಬೆಳಗಿನಲ್ಲಿ ಮುಗಿಯಿತು. ನಿಜವಾದ ಕಷ್ಟ ಕಾರ್ಪೆಟ್ಟಿನದು, ಅದರ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ. ಮೇಲಿನ ಬಟ್ಟೆ ಬಿಸಿಲಿಗೆ ಸಂಜೆಯೊಳಗೆ ಒಣಗಿದಂತೆ ಕಂಡಿತು. ಮುಷ್ಟಿಯಿಂದ ಒತ್ತಿದರೆ ಬೆರಳ ಸಂದಿಗಳಲ್ಲಿ ನೀರು ಎದ್ದಿತು. ಕಾರ್ಪೆಟ್ಟಿನ ಅಡಿಯಲ್ಲಿ ಸದ್ದು ತಡೆಯಲೆಂದು ದಪ್ಪ ಸ್ಪಂಜಿನ ಹಾಸು ಇರುತ್ತದೆ. ಅದು ನೀರನ್ನು ಕುಡಿದು, ಲೋಹದ ನೆಲಕ್ಕೆ ಅಂಟಿಕೊಂಡು, ಗಾಳಿಯ ಮುಖ ಕಾಣದೆ ಕೂತಿರುತ್ತದೆ. ಮುಗ್ಗಿದ ವಾಸನೆ, ಗಾಜಿಗೆ ಮಂಜು ಕವಿಯುವುದು, ಕೊನೆಗೆ ನೆಲಕ್ಕೆ ತುಕ್ಕು, ಎಲ್ಲವೂ ಅಲ್ಲಿಂದಲೇ ಶುರು. ಇದರ ಮೇಲೆ ಸುಗಂಧದ ಶೀಶೆ ತೂಗುಹಾಕುವವರನ್ನು ಕಂಡಿದ್ದೇನೆ. ಮುಗ್ಗಿದ ಮಲ್ಲಿಗೆಯ ವಾಸನೆ ಬರೀ ಮುಗ್ಗಿನ ವಾಸನೆಗಿಂತ ಕೆಟ್ಟದ್ದು.

ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು ಕಾರ್ಪೆಟ್ಟಿನ ಅಂಚನ್ನು ಎತ್ತಿದೆವು. ಆಸನವನ್ನು ಬಿಚ್ಚಿದ್ದರೆ ಸುಲಭವಾಗುತ್ತಿತ್ತು, ಆದರೆ ಅದರ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಇತ್ತು. ಹಳದಿ ಎಂದರೆ ಏರ್‌ಬ್ಯಾಗಿನ ವ್ಯವಸ್ಥೆಗೆ ಸೇರಿದ ವೈರು, ಅದರ ತಂಟೆಗೆ ಹೋಗಬಾರದು. ಆಸನ ಇದ್ದಲ್ಲೇ ಇರಲಿ ಎಂದು ಹಿಂದಕ್ಕೆ ಸರಿಸಿ, ವ್ಯಾಕ್ಯೂಮಿನಿಂದ ಸ್ಪಂಜಿನ ನೀರು ಎಳೆದು, ಕಾರ್ಪೆಟ್ ಮತ್ತು ನೆಲದ ನಡುವೆ ಮರದ ತುಂಡುಗಳನ್ನು ಸಿಕ್ಕಿಸಿ, ಆ ಸುರಂಗದೊಳಕ್ಕೆ ಟೇಬಲ್ ಫ್ಯಾನ್ ತಿರುಗಿಸಿಟ್ಟೆವು. ಹಗಲು ಬಾಗಿಲು ತೆರೆದಿಟ್ಟು, ರಾತ್ರಿ ಮುಚ್ಚಿ, ಹಳೆಯ ಟವೆಲ್‌ಗಳನ್ನು ತುರುಕಿ, ಬೆಳಿಗ್ಗೆ ಹಿಂಡಿ, ಹೀಗೆ ಬಹಳ ದಿನ ನಡೆಯಿತು. ಕೊನೆಗೆ ತೇವ ಬಿಡಿಸಿದ್ದು ಅದೇ ಏಸಿ. ಗಾಜು ಮುಚ್ಚಿ, ಉಷ್ಣತೆಯ ಗುಂಡಿಯನ್ನು ಬಿಸಿಯ ಕಡೆ ತಿರುಗಿಸಿ, ಏಸಿಯ ಗುಂಡಿಯನ್ನೂ ಒತ್ತಿ, ಗಾಳಿಯನ್ನು ಕಾಲಬುಡಕ್ಕೆ ಬಿಟ್ಟರೆ, ಬಿಸಿಗಾಳಿ ಸ್ಪಂಜಿನ ತೇವವನ್ನು ಎಬ್ಬಿಸುತ್ತದೆ, ಕಾಯಿಲ್ ಅದನ್ನು ಹಿಡಿದು ಹೊರಗೆ ಹನಿಸುತ್ತದೆ. ಒಳಗೆ ಕೂತವರು ಬೆಂದುಹೋಗುತ್ತಾರೆ ಎಂಬುದು ಬೇರೆ ಮಾತು.

ಕೊಳೆ ಅಷ್ಟೊಂದು ಬಂದದ್ದು ಎಲ್ಲಿಂದ ಎಂದು ಗ್ಲೋವ್ ಬಾಕ್ಸ್ ಕಳಚಿ ಗಾಳಿಯ ಫಿಲ್ಟರ್ ಎಳೆದೆ. ಹಿಂದೆಂದೋ ಹಾಕಿದವರು ಅದನ್ನು ಓರೆಯಾಗಿ ತುರುಕಿದ್ದರು. ಒಂದು ಅಂಚು ಮಡಚಿ, ಕಿರುಬೆರಳು ಹೋಗುವಷ್ಟು ಸಂದಿ ಬಿಟ್ಟಿತ್ತು. ಮುಂಗಾಜಿನ ಬುಡದ ಜಾಲರಿಯ ಕೆಳಗೆ ಎಲೆಗಳ ಮೆತ್ತೆಯೇ ಇತ್ತು. ಕಾರು ನಿಲ್ಲುವುದು ಮರದಡಿ, ಆ ನೆರಳು ಬಿಡಲು ನನಗೆ ಮನಸ್ಸಿಲ್ಲ. ಹಾಗಾಗಿ ಜಾಲರಿ ಗುಡಿಸುವುದು ಈಗ ಕಾರು ತೊಳೆಯುವ ಕೆಲಸದ ಭಾಗವಾಗಿದೆ. ಹೊಸ ಫಿಲ್ಟರ್ ಹಾಕಿದ್ದಾಯಿತು. ಹೊಸ್ತಿಲಿನ ಪಟ್ಟಿ ಕೀಳುವಾಗ ಮುರಿದ ಕ್ಲಿಪ್ಪುಗಳು ಮಾತ್ರ ಇನ್ನೂ ಸಿಕ್ಕಿಲ್ಲ. ಅಂಗಡಿಯವರು ಪಟ್ಟಿಯ ಸಮೇತವೇ ಕೊಳ್ಳಬೇಕು ಎನ್ನುತ್ತಾರೆ, ಭಾವ ಎಲ್ಲೋ ಹುಡುಕಿ ಬಿಡಿಯಾಗಿ ತರುತ್ತೇನೆ ಎನ್ನುತ್ತಾರೆ. ಅಲ್ಲಿಯವರೆಗೆ ಆ ಪಟ್ಟಿ ಟೇಪಿನ ಮೇಲೆ ನಿಂತಿದೆ.